ಕುರ್ಚಿ ಕೊಟ್ಟರು, ಕಾವಲು ಕೊಡಲಿಲ್ಲ

ಕಾಬೂಲ್ ಮತ್ತೆ ತಾಲಿಬಾನ್ ಕೈಸೇರಿ ನಾಲ್ಕು ವರ್ಷ ದಾಟಿದೆ. ಯುದ್ಧ ಮತ್ತು ಶಾಂತಿಯ ತೀರ್ಮಾನಗಳಲ್ಲಿ ಮಹಿಳೆಯರಿಗೂ ಪಾಲಿರಬೇಕು, ಅವರ ರಕ್ಷಣೆ ರಾಷ್ಟ್ರಗಳ ಹೊಣೆ ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಸಾರಿದ 1325ನೇ ನಿರ್ಣಯಕ್ಕೆ 2025ರ ಅಕ್ಟೋಬರ್ 31ರಂದು 25 ವರ್ಷ ತುಂಬಿತು. ನಿರ್ಣಯ ಅಂಗೀಕಾರವಾದ ಮರುವರ್ಷವೇ ಅಮೆರಿಕ ಮತ್ತು ಅದರ ಮಿತ್ರದೇಶಗಳ ಸೇನೆ ಅಫ್ಘಾನಿಸ್ತಾನಕ್ಕೆ ಕಾಲಿಟ್ಟಿತು. ಕಾಗದದ ಮೇಲಿನ ಆ ಮಾತು ದೊಡ್ಡ ಪ್ರಮಾಣದಲ್ಲಿ ಒರೆಗೆ ಬಿದ್ದದ್ದು ಅಲ್ಲಿ. ಮುಂದಿನ ಎರಡು ದಶಕಗಳಲ್ಲಿ ಒಂದು ಪೀಳಿಗೆಯ ಅಫ್ಘನ್ ಹೆಣ್ಣುಮಕ್ಕಳು ಸಂಸದೆಯರಾದರು, ರಾಜ್ಯಪಾಲರಾದರು, ಮೇಯರ್‌ಗಳಾದರು, ನ್ಯಾಯಾಧೀಶರಾದರು, ಪೊಲೀಸ್ ಅಧಿಕಾರಿಗಳಾದರು. ಅವರಲ್ಲಿ ಅನೇಕರು ಹಾಡಹಗಲೇ ಕೊಲೆಯಾದರು. ಬದುಕುಳಿದವರಲ್ಲಿ ಬಹುಪಾಲು ಜನ ಇಂದು ದೇಶಾಂತರಗಳಲ್ಲಿದ್ದಾರೆ, ಇಲ್ಲವೇ ತಮ್ಮದೇ ಊರಿನಲ್ಲಿ ತಲೆಮರೆಸಿಕೊಂಡಿದ್ದಾರೆ.

ಈ ಇಪ್ಪತ್ತು ವರ್ಷಗಳನ್ನು ಹಿಂತಿರುಗಿ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಯುದ್ಧಭೂಮಿಯಲ್ಲಿ ಹೆಣ್ಣಿಗೆ ಹುದ್ದೆ ಕೊಡುವಲ್ಲಿ ಸರ್ಕಾರವೂ ಅದಕ್ಕೆ ಹಣ ಸುರಿದ ದೇಶಗಳೂ ತೋರಿದ ಉತ್ಸಾಹ, ಆ ಹುದ್ದೆಯಲ್ಲಿದ್ದವಳ ಜೀವ ಕಾಯುವಲ್ಲಿ ಕಾಣಲಿಲ್ಲ. ಅವಳ ರಕ್ಷಣೆಯನ್ನು ಅವಳ ಸ್ವಂತ ಧೈರ್ಯಕ್ಕೆ, ಅವಳ ಮನೆಯವರ ಎಚ್ಚರಿಕೆಗೆ ಬಿಟ್ಟುಬಿಡಲಾಯಿತು. ಕೊಂದವರನ್ನು ಹುಡುಕಿ ಶಿಕ್ಷಿಸುವ ಕೆಲಸವೂ ಗಟ್ಟಿಯಾಗಿ ನಡೆಯಲಿಲ್ಲ. ಈ ಎರಡು ಲೋಪಗಳೂ ಅಫ್ಘಾನಿಸ್ತಾನಕ್ಕಷ್ಟೇ ಸೇರಿದವಲ್ಲ. ಆದರೆ ಅಲ್ಲಿ ಕಂಡಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣಲಿಲ್ಲ.

ಹಳೆಯ ಬೇರು, ಹೊಸ ಮೀಸಲಾತಿ

ಅಫ್ಘನ್ ಮಹಿಳೆಯರನ್ನು ಅಧಿಕಾರಕ್ಕೆ ತಂದದ್ದು ಪಾಶ್ಚಾತ್ಯ ಸೇನೆಗಳೇ ಎಂಬ ಮಾತು ಎರಡೂ ಕಡೆಯವರಿಗೆ ಅನುಕೂಲದ್ದಾಗಿತ್ತು. ಬಂದವರು ಅದನ್ನು ಹೆಮ್ಮೆಯಿಂದ ಹೇಳಿಕೊಂಡರು, ವಿರೋಧಿಗಳು ಅದನ್ನೇ ಆರೋಪವಾಗಿ ಹೊರಿಸಿದರು. ಚರಿತ್ರೆ ಬೇರೆಯೇ ಇದೆ. 1964ರ ಸಂವಿಧಾನದ ಅಡಿಯಲ್ಲಿ ನಡೆದ 1965ರ ಚುನಾವಣೆಯಲ್ಲೇ ಅನಾಹಿತಾ ರಾತಿಬ್‌ಜಾದ್, ಮಾಸೂಮಾ ಇಸ್ಮತಿ ವರ್ದಕ್ ಸೇರಿ ನಾಲ್ವರು ಮಹಿಳೆಯರು ಕೆಳಮನೆಗೆ ಗೆದ್ದಿದ್ದರು. ಅದೇ ವರ್ಷ ಕುಬ್ರಾ ನೂರ್‌ಜಾಯ್ ಆರೋಗ್ಯ ಸಚಿವೆಯಾದರು. ಆಮೇಲೆ ಬಂದ ಸೋವಿಯತ್ ಆಕ್ರಮಣ, ಮುಜಾಹಿದೀನ್ ಬಣಗಳ ಅಂತರ್ಯುದ್ಧ, 1996ರ ತಾಲಿಬಾನ್ ಆಡಳಿತ ಆ ಬಳ್ಳಿಯನ್ನು ಕತ್ತರಿಸಿದವು. ಬೇರು ಮಾತ್ರ ಉಳಿದಿತ್ತು. ತಾಲಿಬಾನ್ ಕಾಲದಲ್ಲಿ ಮನೆಯೊಳಗೆ ಗುಟ್ಟಾಗಿ ಹುಡುಗಿಯರಿಗೆ ಪಾಠ ಹೇಳಿದ ಶಿಕ್ಷಕಿಯರೇ 2001ರ ನಂತರ ಎಷ್ಟೋ ಕಡೆ ಸರ್ಕಾರಿ ಹುದ್ದೆಗಳಿಗೆ ಬಂದರು.

2004ರ ಸಂವಿಧಾನ ಪ್ರತಿ ಪ್ರಾಂತ್ಯದಿಂದ ಸರಾಸರಿ ಕನಿಷ್ಠ ಇಬ್ಬರು ಮಹಿಳೆಯರು ಕೆಳಮನೆಗೆ ಬರಬೇಕೆಂದು ವಿಧಿಸಿತು. 34 ಪ್ರಾಂತ್ಯಗಳಿಗೆ 68 ಸ್ಥಾನ. ಒಟ್ಟು 249ರಲ್ಲಿ ಅದು ಶೇ 27. ಅದೇ 2004ರಲ್ಲಿ ನಮ್ಮ ಲೋಕಸಭೆಗೆ ಗೆದ್ದು ಬಂದ ಮಹಿಳೆಯರು 543ರಲ್ಲಿ 45. ಮಸೂದಾ ಜಲಾಲ್ ಅಫ್ಘನ್ ಅಧ್ಯಕ್ಷ ಚುನಾವಣೆಗೆ ನಿಂತರು. ಹಬೀಬಾ ಸರಾಬಿ 2005ರಲ್ಲಿ ಬಾಮಿಯಾನ್ ಪ್ರಾಂತ್ಯದ ರಾಜ್ಯಪಾಲರಾದರು. ಆ ದೇಶದಲ್ಲಿ ಮಹಿಳೆಯೊಬ್ಬರು ಆ ಹುದ್ದೆಗೆ ಬಂದದ್ದು ಅದೇ ಮೊದಲು.

ಮೀಸಲಾತಿಯ ಬಲ ಏನೆಂಬುದನ್ನು ಕರ್ನಾಟಕದವರಿಗೆ ಹೇಳಿಕೊಡಬೇಕಿಲ್ಲ. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಲ್ಲಿ ಶೇ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟು ಚುನಾವಣೆ ನಡೆಸಿದ ರಾಜ್ಯ ಇದು. ಮೀಸಲು ಕ್ಷೇತ್ರದಿಂದ ಗೆದ್ದುಬಂದವಳ ಮಾತನ್ನು ಸಭೆ ಕೇಳಿಸಿಕೊಳ್ಳಲು ಎಷ್ಟು ವರ್ಷ ಬೇಕಾಯಿತು, ಗಂಡನೋ ಮೈದುನನೋ ಅವಳ ಹೆಸರಿನಲ್ಲಿ ಕಡತ ನೋಡುವುದು ಎಷ್ಟು ಕಾಲ ನಡೆಯಿತು ಎಂಬುದು ನಮಗೆ ಗೊತ್ತು. ಶಾಂತಿಯ ನಾಡಿನಲ್ಲೇ ಇಷ್ಟು ಕಷ್ಟವಿದ್ದ ದಾರಿಗೆ ಬಂದೂಕನ್ನೂ ಸೇರಿಸಿದರೆ ಏನಾಗುತ್ತದೆ ಎಂಬುದನ್ನು ಅಫ್ಘಾನಿಸ್ತಾನ ತೋರಿಸಿತು.

ಮನೆಯಿಂದ ಕಚೇರಿಯವರೆಗಿನ ದಾರಿ

2006ರ ಸೆಪ್ಟೆಂಬರ್ 25ರ ಬೆಳಿಗ್ಗೆ ಕಂದಹಾರದಲ್ಲಿ ಸಫಿಯಾ ಅಮಾ ಜಾನ್ ಕೆಲಸಕ್ಕೆಂದು ಮನೆಯಿಂದ ಹೊರಟಿದ್ದರು. ಮೊದಲು ಶಿಕ್ಷಕಿಯಾಗಿದ್ದ ಅವರು ಆಗ ಪ್ರಾಂತ್ಯದ ಮಹಿಳಾ ವ್ಯವಹಾರಗಳ ಇಲಾಖೆಯ ಮುಖ್ಯಸ್ಥೆ. ಹೆಂಗಸರಿಗೆ ಹೊಲಿಗೆ ಕಲಿಸುವ, ಬೇಕರಿ ತಿನಿಸು ಮಾಡಿ ಮಾರಲು ಕಲಿಸುವ ತರಬೇತಿ ಶಾಲೆಗಳನ್ನು ತೆರೆದಿದ್ದರು. ತನಗೊಂದು ಸರ್ಕಾರಿ ವಾಹನ ಕೊಡಿ, ಅಂಗರಕ್ಷಕರನ್ನು ಕೊಡಿ ಎಂದು ಕೇಳಿದ್ದರು. ಎರಡೂ ಸಿಕ್ಕಿರಲಿಲ್ಲ. ಇಲಾಖೆಯ ಮುಖ್ಯಸ್ಥೆ ಬಾಡಿಗೆ ಟ್ಯಾಕ್ಸಿಯಲ್ಲಿ ಕಚೇರಿಗೆ ಓಡಾಡುತ್ತಿದ್ದರು. ಆ ದಿನ ಮನೆಯ ಮುಂದೆಯೇ, ಬುರ್ಖಾದಲ್ಲಿದ್ದ ಅವರ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಗುಂಡು ಹಾರಿಸಿದರು.

ಎರಡು ವರ್ಷದ ನಂತರ, 2008ರ ಸೆಪ್ಟೆಂಬರ್ 28ರಂದು ಅದೇ ಊರಿನಲ್ಲಿ ಪೊಲೀಸ್ ಅಧಿಕಾರಿ ಮಲಾಲೈ ಕಾಕರ್ ಡ್ಯೂಟಿಗೆ ಹೊರಟಾಗ ಮನೆಯ ಬಳಿಯೇ ಕೊಲೆಯಾದರು. ಜೊತೆಗಿದ್ದ ಮಗನಿಗೂ ಗುಂಡು ತಗುಲಿತು. ಮಹಿಳೆಯರ ಮೇಲಿನ ಅಪರಾಧಗಳನ್ನು ವಿಚಾರಿಸುವ ವಿಭಾಗ ಅವರ ಕೈಯಲ್ಲಿತ್ತು. ಗಂಡಿನ ಮುಂದೆ ಬಾಯಿ ಬಿಡಲಾಗದ ಹೆಂಗಸರು ಹೊಡೆತ ಬಡಿತದ ದೂರು ಹಿಡಿದು ಹೋಗುತ್ತಿದ್ದದ್ದು ಅವರ ಬಳಿಗೆ. ಅವರು ಹೋದ ಮೇಲೆ ಅಂಥ ಎಷ್ಟೋ ಮನೆಗಳ ಹೆಣ್ಣುಮಕ್ಕಳಿಗೆ ಠಾಣೆಯ ಬಾಗಿಲೂ ಮುಚ್ಚಿದಂತಾಯಿತು.

2009ರ ಏಪ್ರಿಲ್ 1ರಂದು ಕಂದಹಾರದ ಪ್ರಾಂತೀಯ ಪರಿಷತ್ತಿನ ಕಚೇರಿಯ ಮೇಲೆ ಆತ್ಮಾಹುತಿ ದಾಳಿ ನಡೆಯಿತು. ಅದರಲ್ಲಿ ಸಾಯದಿದ್ದ ಪರಿಷತ್ತಿನ ಸದಸ್ಯೆ ಸಿತಾರಾ ಅಚಕ್‌ಜಾಯ್ ಅವರ ಸರದಿ ಹನ್ನೆರಡನೇ ತಾರೀಕು ಬಂತು. ತಾಲಿಬಾನ್ ಆಡಳಿತದ ವರ್ಷಗಳನ್ನು ಜರ್ಮನಿಯಲ್ಲಿ ಕಳೆದು, ಊರಿಗೆ ತನ್ನ ಅಗತ್ಯವಿದೆ ಎಂದು ಮರಳಿ ಬಂದವರು ಅವರು. ಮನೆಯ ಮುಂದೆ, ಬೈಕಿನಲ್ಲಿ ಬಂದವರ ಗುಂಡಿಗೆ ಬಲಿಯಾದರು. ಒಂದೇ ಊರಿನಲ್ಲಿ ಮೂರು ವರ್ಷಗಳ ಒಳಗೆ ಮೂವರು. ಮೂವರ ಮೇಲೂ ದಾಳಿ ನಡೆದದ್ದು ಮನೆಯ ಆಸುಪಾಸಿನಲ್ಲಿ. ಮೊದಲ ಕೊಲೆಯಿಂದಲೇ ಕಲಿಯಬಹುದಾಗಿದ್ದ ಪಾಠವನ್ನು ಮೂರನೆಯದರ ಹೊತ್ತಿಗೂ ಯಾರೂ ಕಲಿತಿರಲಿಲ್ಲ.

ಲಗ್ಮಾನ್ ಪ್ರಾಂತ್ಯದಲ್ಲಿ ನಡೆದದ್ದು ಇನ್ನೂ ಕ್ರೂರ. ಅಲ್ಲಿನ ಮಹಿಳಾ ವ್ಯವಹಾರಗಳ ಇಲಾಖೆಯ ಮುಖ್ಯಸ್ಥೆ ಹನೀಫಾ ಸಾಫಿ 2012ರ ಜುಲೈ 13ರಂದು ಕಾರಿಗೆ ಅಂಟಿಸಿದ್ದ ಬಾಂಬ್ ಸಿಡಿದು ಸತ್ತರು. ಖಾಲಿಯಾದ ಕುರ್ಚಿಗೆ ನಜಿಯಾ ಸಿದ್ದೀಖಿ ಬಂದರು. ಹಿಂದಿನವರಿಗೆ ಆದದ್ದೇನು ಎಂಬುದು ಅವರಿಗೂ ಅವರನ್ನು ಕೂರಿಸಿದವರಿಗೂ ಗೊತ್ತಿತ್ತು. ಐದು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 10ರ ಬೆಳಿಗ್ಗೆ, ಕಚೇರಿಗೆ ಹೊರಟಿದ್ದ ಅವರನ್ನೂ ಗುಂಡಿಕ್ಕಿ ಕೊಂದರು. ಜಗತ್ತು ಅಂದು ಮಾನವ ಹಕ್ಕುಗಳ ದಿನವನ್ನು ಆಚರಿಸುತ್ತಿತ್ತು. ಮರುವರ್ಷ ಹೆಲ್ಮಂದ್ ಪ್ರಾಂತ್ಯದಲ್ಲಿ ಇದೇ ಮರುಕಳಿಸಿತು. ಪೊಲೀಸ್ ಅಧಿಕಾರಿ ಇಸ್ಲಾಂ ಬೀಬಿ ಜುಲೈನಲ್ಲಿ ಕೆಲಸಕ್ಕೆ ಹೋಗುವಾಗ ಕೊಲೆಯಾದರು. ಅವರ ಜಾಗಕ್ಕೆ ಬಂದ ನೆಗಾರ್ ಸೆಪ್ಟೆಂಬರ್‌ನಲ್ಲಿ ಗುಂಡೇಟಿಗೆ ಬಲಿಯಾದರು. ಆಸ್ಪತ್ರೆ, ಶಾಲೆ, ಸೇತುವೆಗೆಂದು ಆ ದೇಶಕ್ಕೆ ಕೋಟ್ಯಂತರ ಡಾಲರ್ ಹರಿಯುತ್ತಿದ್ದ ವರ್ಷಗಳಿವು. ಒಂದು ಭದ್ರವಾದ ಕಾರು, ನಂಬಿಕಸ್ಥ ಇಬ್ಬರು ಗನ್‌ಮ್ಯಾನ್‌ಗಳು, ಕಚೇರಿಯ ಆವರಣದಲ್ಲೇ ಒಂದು ಕ್ವಾರ್ಟರ್ಸ್ ಒದಗಿಸಲು ಹಣವಿರಲಿಲ್ಲ ಎಂದರೆ ನಂಬುವುದು ಹೇಗೆ?

ಏಕೆ ಇವರನ್ನೇ?

ಯುದ್ಧದಲ್ಲಿ ಗಂಡಸರೂ ಸಾಯುತ್ತಾರೆ, ಅಫ್ಘನ್ ಅಧಿಕಾರಿಗಳು ನೂರಾರು ಸಂಖ್ಯೆಯಲ್ಲಿ ಸತ್ತಿದ್ದಾರೆ, ಹೆಣ್ಣನ್ನು ಬೇರೆಯಾಗಿ ಎಣಿಸುವುದೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರವೂ ಇದೆ. ಗಂಡು ಅಧಿಕಾರಿಯೊಬ್ಬ ಸತ್ತರೆ ಆ ಕುರ್ಚಿಗೆ ಹತ್ತು ಜನ ಕಾದಿರುತ್ತಾರೆ. ಹೆಣ್ಣು ಅಧಿಕಾರಿ ಸತ್ತರೆ ಆ ಜಿಲ್ಲೆಯ ಹತ್ತು ಮನೆಗಳಲ್ಲಿ ಅಪ್ಪ, ಅಣ್ಣ, ಗಂಡ ತಮ್ಮ ಮನೆಯ ಹೆಣ್ಣುಮಗಳಿಗೆ ‘ಸಾಕು, ರಾಜೀನಾಮೆ ಕೊಡು’ ಎನ್ನುತ್ತಾರೆ. ಒಂದು ಗುಂಡಿನಿಂದ ಹತ್ತು ಕುರ್ಚಿ ಖಾಲಿ ಮಾಡಿಸುವ ಈ ಲೆಕ್ಕಾಚಾರ ಕೊಲೆಗಾರರಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಕಾರಣ, ಅವರು ಕೆಲವೇ ಮಂದಿ ಇದ್ದದ್ದು. ಊರಿಗೆಲ್ಲ ಒಬ್ಬಳೇ ಮಹಿಳಾ ಅಧಿಕಾರಿ ಎಂದರೆ ಅವಳ ಮನೆ, ಅವಳು ಹೊರಡುವ ಹೊತ್ತು, ಹಿಡಿಯುವ ರಸ್ತೆ ಎಲ್ಲವೂ ಎಲ್ಲರಿಗೂ ತಿಳಿದಿರುತ್ತದೆ. ಗುಂಡಿಗಿಂತ ಮೊದಲು ಅಪಪ್ರಚಾರ ಬರುತ್ತದೆ. ನಡತೆಗೆಟ್ಟವಳು, ವಿದೇಶಿಯರ ಕೈಗೊಂಬೆ, ಧರ್ಮದ್ರೋಹಿ ಎಂಬ ಮಾತು ಮಸೀದಿಯಿಂದ ಸಂತೆಯವರೆಗೆ ಹಬ್ಬುತ್ತದೆ. ರಾತ್ರೋರಾತ್ರಿ ಮನೆಬಾಗಿಲಿಗೆ ಬೆದರಿಕೆ ಪತ್ರ ಬಂದು ಬೀಳುತ್ತದೆ. ಅಂಥ ಪತ್ರಗಳಿಗೆ ಅಲ್ಲಿ ಶಬ್‌ನಾಮಾ, ಅಂದರೆ ರಾತ್ರಿ ಪತ್ರ, ಎಂದೇ ಹೆಸರು. 2001ರ ಕೊನೆಯಲ್ಲಿ ಮೊದಲ ಮಹಿಳಾ ವ್ಯವಹಾರಗಳ ಸಚಿವೆಯಾದ ವೈದ್ಯೆ ಸೀಮಾ ಸಮರ್ ಅವರನ್ನು ಕೆಲವೇ ತಿಂಗಳಲ್ಲಿ ಹುದ್ದೆಯಿಂದ ಇಳಿಸಿದ್ದು ಧರ್ಮನಿಂದನೆಯ ಆರೋಪ ಮತ್ತು ಬೆದರಿಕೆಗಳೇ. ಆ ಹೊತ್ತಿಗೆ ತಾಲಿಬಾನ್ ಅಧಿಕಾರದಲ್ಲಿರಲಿಲ್ಲ ಎಂಬುದನ್ನು ನೆನಪಿಡಬೇಕು.

ಬೇರೆ ದೇಶಗಳ ಯುದ್ಧಗಳಲ್ಲೂ ಇದೇ ಹಾದಿ. ಇರಾಕಿನ 25 ಸದಸ್ಯರ ಆಡಳಿತ ಮಂಡಳಿಯಲ್ಲಿದ್ದ ಮೂವರು ಮಹಿಳೆಯರಲ್ಲಿ ಒಬ್ಬರಾದ ಅಕೀಲಾ ಅಲ್ ಹಾಶಿಮಿ ಅವರ ಮೇಲೆ 2003ರ ಸೆಪ್ಟೆಂಬರ್ 20ರಂದು ಬಾಗ್ದಾದಿನ ಮನೆಯ ಹತ್ತಿರವೇ ಗುಂಡಿನ ದಾಳಿ ನಡೆಯಿತು. ಐದು ದಿನಗಳ ನಂತರ ಅವರು ತೀರಿಕೊಂಡರು. ಸಂಸದೆ ಲಮಿಯಾ ಅಬೆದ್ ಖದೌರಿ 2005ರ ಏಪ್ರಿಲ್ 27ರಂದು ಬಾಗಿಲು ತಟ್ಟಿದ ಸದ್ದು ಕೇಳಿ ಬಾಗಿಲು ತೆರೆದು ಹೊಸ್ತಿಲಲ್ಲೇ ಸತ್ತರು. ರುವಾಂಡಾದಲ್ಲಿ ನರಮೇಧ ಶುರುವಾದ 1994ರ ಏಪ್ರಿಲ್ 7ರ ಬೆಳಿಗ್ಗೆ ಪ್ರಧಾನಿ ಅಗಾಥ್ ಉವಿಲಿಂಗಿಯಿಮಾನಾ ಕೊಲೆಯಾದರು. ಅವರ ಕಾವಲಿಗಿದ್ದ ಬೆಲ್ಜಿಯಂನ ಹತ್ತು ಶಾಂತಿಪಾಲನಾ ಯೋಧರನ್ನೂ ಕೊಲ್ಲಲಾಯಿತು.

ನಮಗೆ ಕೂಗಳತೆಯಲ್ಲೇ ಇರುವ ಶ್ರೀಲಂಕಾದ ಜಾಫ್ನಾದ್ದೂ ಇದೇ ಕಥೆ. ಸರೋಜಿನಿ ಯೋಗೇಶ್ವರನ್ 1998ರಲ್ಲಿ ಆ ನಗರದ ಮೇಯರ್ ಆದರು. ತಮಿಳು ಐಕ್ಯ ವಿಮೋಚನಾ ರಂಗದ ನಾಯಕರಾಗಿದ್ದ ಅವರ ಗಂಡ 1989ರಲ್ಲೇ ಕೊಲಂಬೊದಲ್ಲಿ ಕೊಲೆಯಾಗಿದ್ದರು. ಅದೇ ಪಕ್ಷದ ಪರವಾಗಿ, ಬಂದೂಕುಗಳ ನಡುವೆಯೇ ಊರಿನ ನೀರು, ರಸ್ತೆ ನೋಡಿಕೊಳ್ಳಲು ಒಪ್ಪಿ ಬಂದ ಸರೋಜಿನಿಯವರನ್ನು ಆ ವರ್ಷದ ಮೇ 17ರಂದು ಮನೆಯಲ್ಲೇ ಗುಂಡಿಟ್ಟು ಕೊಂದರು. ಬೆರಳು ತೋರಿದ್ದು ಎಲ್‌ಟಿಟಿಇ ಕಡೆಗೆ. ಅವರ ನಂತರ ಮೇಯರ್ ಆದ ಶಿವಪಾಲನ್ ಕೂಡ ಸೆಪ್ಟೆಂಬರ್‌ನಲ್ಲಿ ಬಾಂಬಿಗೆ ಬಲಿಯಾದರು. ಮತ, ಭಾಷೆ, ಸಿದ್ಧಾಂತ ಬೇರೆಯಾದರೂ ಬಂದೂಕು ಹಿಡಿದವರೆಲ್ಲ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಂತಿದೆ. ಜನರ ಪರವಾಗಿ ಮಾತನಾಡುವ ಹಕ್ಕು ತಮ್ಮದೊಂದೇ ಎಂದು ನಂಬಿದವರಿಗೆ, ಆಯುಧವಿಲ್ಲದೆ ಜನರ ಕೆಲಸ ಮಾಡಿ ತೋರಿಸುವ ಹೆಣ್ಣನ್ನು ಸಹಿಸುವುದು ಕಷ್ಟ.

ಸಂಸತ್ತಿನೊಳಗಿನ ಶತ್ರುಗಳು

ಎಲ್ಲ ಪಾಪವನ್ನೂ ತಾಲಿಬಾನ್ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ಬರುವುದಿಲ್ಲ. 2003ರ ಡಿಸೆಂಬರ್‌ನಲ್ಲಿ ಸಂವಿಧಾನ ರಚನೆಗೆಂದು ಸೇರಿದ್ದ ಲೋಯಾ ಜಿರ್ಗಾ ಎಂಬ ಮಹಾಸಭೆಯಲ್ಲಿ ಫರಾಹ್ ಪ್ರಾಂತ್ಯದ ಯುವತಿ ಮಲಾಲೈ ಜೋಯಾ ಎದ್ದು ನಿಂತು, ದೇಶವನ್ನು ಹಾಳುಗೆಡವಿದ ಯುದ್ಧಕೋರ ನಾಯಕರನ್ನೇ ಇಲ್ಲಿ ಕೂರಿಸಿದ್ದೀರಲ್ಲ ಎಂದು ಕೇಳಿದರು. ಸಭೆ ಗದ್ದಲಕ್ಕೆ ಬಿತ್ತು. ಅಂದಿನಿಂದ ಅವರ ಹತ್ಯೆಗೆ ಹಲವು ಪ್ರಯತ್ನ ನಡೆದವು. 2005ರಲ್ಲಿ ಜನ ಅವರನ್ನು ಸಂಸತ್ತಿಗೆ ಗೆಲ್ಲಿಸಿದರು. 2007ರ ಮೇ ತಿಂಗಳಲ್ಲಿ, ಟೀವಿ ಸಂದರ್ಶನವೊಂದರಲ್ಲಿ ಸಂಸತ್ತನ್ನು ಅವಮಾನಿಸಿದರೆಂದು ಸದನ ಅವರನ್ನು ಅಮಾನತು ಮಾಡಿತು. ಕೊಲೆ ಬೆದರಿಕೆ ಒಡ್ಡಿದವರ ಮೇಲೆ ಸದನಕ್ಕೆ ಅಷ್ಟು ಕೋಪ ಬಂದಿರಲಿಲ್ಲ.

ಮಹಿಳೆಯರ ಮೇಲಿನ ಹಿಂಸೆಯನ್ನು ತಡೆಯುವ ಕಾನೂನು 2009ರಲ್ಲಿ ಅಧ್ಯಕ್ಷರ ಆಜ್ಞೆಯ ಮೂಲಕ ಬಂತು. ಬಾಲ್ಯವಿವಾಹ, ಅತ್ಯಾಚಾರ, ಹೊಡೆತ ಬಡಿತ ಸೇರಿ 22 ಬಗೆಯ ಕೃತ್ಯಗಳನ್ನು ಅಪರಾಧವೆಂದು ಅದು ಹೆಸರಿಸಿತು. ಅದಕ್ಕೆ ಸಂಸತ್ತಿನ ಮುದ್ರೆಯೂ ಇರಲೆಂದು 2013ರ ಮೇ ತಿಂಗಳಲ್ಲಿ ಸಂಸದೆ ಫೌಜಿಯಾ ಕೂಫಿ ಸದನದ ಮುಂದಿಟ್ಟಾಗ, ಎರಡು ಗಂಟೆಯ ಒಳಗೆ ಗದ್ದಲದಲ್ಲಿ ಚರ್ಚೆಯೇ ನಿಂತುಹೋಯಿತು. ಅದೇ ವರ್ಷ ಚುನಾವಣಾ ಕಾಯಿದೆಗೆ ತಿದ್ದುಪಡಿ ತಂದು ಪ್ರಾಂತೀಯ ಪರಿಷತ್ತುಗಳ ಮಹಿಳಾ ಮೀಸಲಾತಿಯನ್ನು ಶೇ 25ರಿಂದ 20ಕ್ಕೆ ಇಳಿಸಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸಂಸದೆ ಫರೀಬಾ ಅಹ್ಮದಿ ಕಾಕರ್ ಅವರನ್ನು ಗಜ್ನಿಯಲ್ಲಿ ತಾಲಿಬಾನ್ ಅಪಹರಿಸಿತು. ಸರ್ಕಾರ ಕೈದಿಗಳನ್ನು ಬಿಟ್ಟು ಅವರನ್ನು ಬಿಡಿಸಿಕೊಳ್ಳಬೇಕಾಯಿತು. ಇಸ್ಲಾಂ ಬೀಬಿ, ನೆಗಾರ್ ಸತ್ತದ್ದೂ ಆ ವರ್ಷವೇ. ಹೊರಗೆ ಕೊಲೆಗಾರರು ಕುರ್ಚಿ ಖಾಲಿ ಮಾಡಿಸುತ್ತಿದ್ದಾಗ ಒಳಗೆ ಶಾಸನಕಾರರು ಕುರ್ಚಿಗಳ ಸಂಖ್ಯೆಯನ್ನೇ ಕಡಿಮೆ ಮಾಡುತ್ತಿದ್ದರು.

2014ರ ನವೆಂಬರ್ 16ರಂದು ಕಾಬೂಲಿನಲ್ಲಿ ಸಂಸದೆ ಶುಕ್ರಿಯಾ ಬರಕ್‌ಜಾಯ್ ಅವರ ಕಾರಿನ ಮೇಲೆ ಆತ್ಮಾಹುತಿ ದಾಳಿ ನಡೆಯಿತು. ಅವರು ಬದುಕಿದರು, ದಾರಿಯಲ್ಲಿದ್ದ ಸಾಮಾನ್ಯ ಜನ ಸತ್ತರು. ಮೂರು ತಿಂಗಳ ನಂತರ ನಂಗರ್‌ಹಾರ್ ಪ್ರಾಂತೀಯ ಪರಿಷತ್ತಿನ ಸದಸ್ಯೆ ಅಂಗೀಜಾ ಶಿನ್ವಾರಿ ಕಾರು ಬಾಂಬಿನ ಗಾಯದಿಂದ ತೀರಿಕೊಂಡರು.

ಶಾಂತಿ ಮಾತುಕತೆಯ ಕಾಲದ ಸಾವುಗಳು

2020ರ ಫೆಬ್ರುವರಿ 29ರಂದು ಅಮೆರಿಕ ಮತ್ತು ತಾಲಿಬಾನ್ ದೋಹಾದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಮಹಿಳೆಯರ ಹೆಸರಿನಲ್ಲೂ ನಡೆದ ಯುದ್ಧವೊಂದನ್ನು ಮುಗಿಸುವ ಆ ಒಪ್ಪಂದದಲ್ಲಿ ಮಹಿಳೆಯರ ಪ್ರಸ್ತಾಪವೇ ಇರಲಿಲ್ಲ. 1325ನೇ ನಿರ್ಣಯಕ್ಕೆ ಕೈಯೆತ್ತಿದ್ದ ರಾಷ್ಟ್ರವೇ ಅದಕ್ಕೆ ಸಹಿ ಹಾಕಿತ್ತು. ಆ ಕಾಗದ ಕೊಲೆಗಾರರಿಗೆ ಕೊಟ್ಟ ಸಂದೇಶವನ್ನು ಮುಂದಿನ ತಿಂಗಳುಗಳು ತೋರಿಸಿದವು.

ಆಗಸ್ಟ್ 14ರಂದು ಪರ್ವಾನ್ ಪ್ರಾಂತ್ಯಕ್ಕೆ ಹೋಗಿ ಕಾಬೂಲಿಗೆ ಮರಳುತ್ತಿದ್ದ ಫೌಜಿಯಾ ಕೂಫಿಯವರ ತೋಳಿಗೆ ಗುಂಡು ಬಿತ್ತು. ಸದನದ ಉಪಸಭಾಪತಿಯಾದ ಮೊದಲ ಮಹಿಳೆ ಅವರು. 2010ರಲ್ಲೂ ಒಮ್ಮೆ ದಾಳಿಯಿಂದ ಪಾರಾಗಿದ್ದರು. ದೂರದ ಹಳ್ಳಿಗಳಿಗೆ ಪ್ರಯಾಣ ಹೊರಡುವ ಮೊದಲು, ತಾನು ಮರಳಿ ಬಾರದಿದ್ದರೆ ಎಂದು ಇಬ್ಬರು ಹೆಣ್ಣುಮಕ್ಕಳಿಗೆ ಪತ್ರ ಬರೆದಿಡುತ್ತಿದ್ದ ತಾಯಿ. ಸೆಪ್ಟೆಂಬರ್ 12ರಂದು ದೋಹಾದಲ್ಲಿ ಮಾತುಕತೆ ಶುರುವಾದಾಗ ಅದೇ ಗಾಯದ ಕೈಯಲ್ಲಿ ತಾಲಿಬಾನ್ ಪ್ರತಿನಿಧಿಗಳ ಎದುರು ಕೂತರು. 21 ಜನರ ಸರ್ಕಾರಿ ನಿಯೋಗದಲ್ಲಿ ಅವರೂ ಸೇರಿ ನಾಲ್ವರು ಮಹಿಳೆಯರಿದ್ದರು. ತಾಲಿಬಾನ್ ನಿಯೋಗದಲ್ಲಿ ಒಬ್ಬರೂ ಇರಲಿಲ್ಲ.

ಜರೀಫಾ ಗಫಾರಿ ಅವರ ಕಥೆ ಈ ಇಡೀ ಅವಧಿಯ ಸಾರ. ವರ್ದಕ್ ಪ್ರಾಂತ್ಯದ ಮೈದಾನ್ ಶಹರ್ ಪಟ್ಟಣಕ್ಕೆ ಇಪ್ಪತ್ತರ ಹರೆಯದ ಈ ತರುಣಿಯನ್ನು 2018ರಲ್ಲಿ ಮೇಯರ್ ಆಗಿ ನೇಮಿಸಲಾಯಿತು. ಮೊದಲ ದಿನವೇ ಕೋಲು ಕಲ್ಲು ಹಿಡಿದ ಗಂಡಸರ ಗುಂಪು ಕಚೇರಿಗೆ ಮುತ್ತಿಗೆ ಹಾಕಿತು. ರಕ್ಷಣಾ ಸಿಬ್ಬಂದಿ ಅವರನ್ನು ಹೇಗೋ ಪಾರುಮಾಡಿದರು. ತಿಂಗಳುಗಟ್ಟಲೆ ಕಾದು ಮತ್ತೆ ಬಂದು ಅಧಿಕಾರ ವಹಿಸಿಕೊಂಡರು. ಪಟ್ಟಣದ ಕಸದ ಸಮಸ್ಯೆಯನ್ನು ಕೈಗೆತ್ತಿಕೊಂಡು ಅಂಗಡಿ ಅಂಗಡಿಗೆ ಹೋಗಿ ಸ್ವಚ್ಛತೆಯ ಮಾತಾಡಿದರು. ಕೊಲ್ಲಲು ಬಂದವರಿಂದ ಒಂದಕ್ಕಿಂತ ಹೆಚ್ಚು ಸಲ ತಪ್ಪಿಸಿಕೊಂಡರು. ಅವರು ಸಿಗದಿದ್ದಾಗ ಮನೆಯವರ ಸರದಿ ಬಂತು. ಸೇನಾಧಿಕಾರಿಯಾಗಿದ್ದ ಅವರ ತಂದೆಯನ್ನು 2020ರ ನವೆಂಬರ್ 5ರಂದು ಕಾಬೂಲಿನಲ್ಲಿ ಕೊಂದರು. ಹುದ್ದೆಯಲ್ಲಿರುವ ಹೆಣ್ಣಿಗೆ ಬರುವ ಅಪಾಯ ಅವಳೊಬ್ಬಳಿಗೇ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

2021ರ ಜನವರಿ 17ರ ಬೆಳಿಗ್ಗೆ ಕಾಬೂಲಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ಮಹಿಳಾ ನ್ಯಾಯಾಧೀಶರು ಕೆಲಸಕ್ಕೆ ಹೋಗುವಾಗ ಕಾರಿನಲ್ಲೇ ಗುಂಡಿಗೆ ಬಲಿಯಾದರು. ಸಫಿಯಾ ಸತ್ತು ಹದಿನಾಲ್ಕು ವರ್ಷಗಳಾಗಿದ್ದವು. ಬೆಳಗಿನ ಹೊತ್ತು, ಕಚೇರಿಯ ದಾರಿ, ಕಾದು ನಿಂತ ಬಂದೂಕುಧಾರಿಗಳು, ಯಾವುದೂ ಬದಲಾಗಿರಲಿಲ್ಲ.

ಆಗಸ್ಟ್ 15ರ ನಂತರ

2021ರ ಆಗಸ್ಟ್ 15ರಂದು ಸರ್ಕಾರ ಕುಸಿಯಿತು. ಸೆಪ್ಟೆಂಬರ್‌ನಲ್ಲಿ ಕಾಬೂಲಿನ ಮಹಿಳಾ ವ್ಯವಹಾರಗಳ ಸಚಿವಾಲಯದ ಕಟ್ಟಡದ ಫಲಕ ಇಳಿಸಿ, ಅಲ್ಲಿ ‘ಸದಾಚಾರ ಪ್ರಚಾರ, ದುರಾಚಾರ ತಡೆ’ ಸಚಿವಾಲಯದ ಫಲಕ ಏರಿಸಲಾಯಿತು. ಜೈಲುಗಳ ಬಾಗಿಲು ತೆರೆದವು. ಕೊಲೆ, ಹಿಂಸೆಯ ಪ್ರಕರಣಗಳಲ್ಲಿ ಶಿಕ್ಷೆಯಾಗಿದ್ದವರು ತಮಗೆ ಶಿಕ್ಷೆ ಕೊಟ್ಟ ನ್ಯಾಯಾಧೀಶೆಯರನ್ನು ಹುಡುಕಲು ಶುರುಮಾಡಿದರು. ಸುಮಾರು 250 ಮಹಿಳಾ ನ್ಯಾಯಾಧೀಶರಿದ್ದ ದೇಶದಲ್ಲಿ ಅವರು ಮನೆಯಿಂದ ಮನೆಗೆ ಅಡಗುತ್ತ ಓಡಾಡಬೇಕಾಯಿತು. ಅವರಲ್ಲಿ ಅನೇಕರನ್ನು ಹೊರಗೆ ಕರೆತಂದದ್ದು ಬೇರೆ ದೇಶಗಳ ಮಹಿಳಾ ನ್ಯಾಯಾಧೀಶರ ಸಂಘಟನೆ. ಫೋನಿನಲ್ಲೇ ಅವರಿಗೆ ದಾರಿ ಹೇಳಿ, ವೀಸಾಗಾಗಿ ಬಾಗಿಲು ಬಾಗಿಲು ತಟ್ಟಿದ್ದು ಆ ನ್ಯಾಯಾಧೀಶೆಯರು. ಸರ್ಕಾರಗಳು ಮಾಡಬೇಕಿದ್ದ ಕೆಲಸ ಅದು. ಗ್ರೀಸ್ ದೇಶ ಹಲವು ಸಂಸದೆಯರಿಗೆ ಆಶ್ರಯ ಕೊಟ್ಟಿತು. ಅಥೆನ್ಸಿನಲ್ಲಿ ಅವರು ಮತ್ತೆ ಒಟ್ಟುಗೂಡಿದರು.

ಉಳಿದವರಿಗೆ ಏನು ಕಾದಿತ್ತು ಎಂಬುದನ್ನು 2023ರ ಜನವರಿ 15 ಹೇಳಿತು. ಮಾಜಿ ಸಂಸದೆ ಮುರ್ಸಲ್ ನಬೀಜಾದಾ ಅವರನ್ನು ಕಾಬೂಲಿನ ಅವರ ಮನೆಯಲ್ಲೇ, ಅಂಗರಕ್ಷಕನೊಂದಿಗೆ, ರಾತ್ರಿ ಹೊತ್ತಿನಲ್ಲಿ ಗುಂಡಿಟ್ಟು ಕೊಲ್ಲಲಾಯಿತು. ದೇಶ ಬಿಡುವ ಅವಕಾಶವಿದ್ದರೂ ಜನರೊಂದಿಗೇ ಇರುತ್ತೇನೆಂದು ಉಳಿದಿದ್ದವರು ಅವರು ಎಂದು ಜೊತೆಗಿದ್ದ ಸಂಸದೆಯರು ಕಣ್ಣೀರಿಟ್ಟರು.

ಭಾರತದ ಪಾತ್ರವನ್ನೂ ಇಲ್ಲಿ ಮುಚ್ಚುಮರೆಯಿಲ್ಲದೆ ನೋಡಬೇಕು. ಕಾಬೂಲಿನ ಸಂಸತ್ ಭವನ ಕಟ್ಟಿಕೊಟ್ಟದ್ದು ಭಾರತ. 2015ರ ಡಿಸೆಂಬರ್ 25ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಉದ್ಘಾಟಿಸಿದರು. ಕಾಬೂಲ್ ಬಿದ್ದಾಗ ಆ ಸಂಸತ್ತಿನ ಸಿಖ್ ಸದಸ್ಯೆ ಅನಾರ್ಕಲಿ ಕೌರ್ ಹೊನಾರ್‌ಯಾರ್ ಅವರನ್ನು ವಾಯುಪಡೆಯ ವಿಮಾನದಲ್ಲಿ ಕರೆತಂದದ್ದು ಹೆಮ್ಮೆಯ ವಿಷಯ. ಆದರೆ ಅದೇ ದಿನಗಳಲ್ಲಿ, ಆಗಸ್ಟ್ 20ರಂದು, ಫರ್ಯಾಬ್ ಪ್ರಾಂತ್ಯದ ಸಂಸದೆ ರಂಗೀನಾ ಕಾರ್ಗರ್ ರಾಜತಾಂತ್ರಿಕ ಪಾಸ್‌ಪೋರ್ಟ್ ಹಿಡಿದು ದೆಹಲಿಗೆ ಬಂದಿಳಿದಾಗ ಅವರನ್ನು ವಿಮಾನ ನಿಲ್ದಾಣದಿಂದಲೇ ಹಿಂದಕ್ಕೆ ಕಳಿಸಲಾಯಿತು. ತಪ್ಪಾಯಿತೆಂದು ಸರ್ಕಾರ ಆಮೇಲೆ ವಿಷಾದ ವ್ಯಕ್ತಪಡಿಸಿತು. 2025ರ ಅಕ್ಟೋಬರ್ 10ರಂದು ತಾಲಿಬಾನ್ ವಿದೇಶಾಂಗ ಸಚಿವ ಅಮೀರ್ ಖಾನ್ ಮುತ್ತಕಿ ದೆಹಲಿಯಲ್ಲಿ ನಡೆಸಿದ ಪತ್ರಿಕಾಗೋಷ್ಠಿಯಿಂದ ಮಹಿಳಾ ವರದಿಗಾರರು ಹೊರಗುಳಿಯಬೇಕಾಯಿತು. ಅದರಲ್ಲಿ ತನ್ನ ಪಾತ್ರವಿಲ್ಲವೆಂದು ಸರ್ಕಾರ ಹೇಳಿತು. ದೇಶದೆಲ್ಲೆಡೆ ಪ್ರತಿಭಟನೆಯ ದನಿ ಎದ್ದ ಮೇಲೆ ಎರಡು ದಿನದಲ್ಲಿ ಮತ್ತೊಂದು ಗೋಷ್ಠಿ ನಡೆದು, ಅಲ್ಲಿ ಮಹಿಳೆಯರೇ ಮುಂದಿನ ಸಾಲಿನಲ್ಲಿ ಕೂತು ಪ್ರಶ್ನೆ ಕೇಳಿದರು. ಪಟ್ಟು ಹಿಡಿದರೆ ತಾಲಿಬಾನ್ ಕೂಡ ಬಗ್ಗುತ್ತದೆ ಎಂಬುದನ್ನು ಆ ಎರಡು ದಿನಗಳು ತೋರಿಸಿವೆ. ನೆರೆಯ ದೇಶದೊಂದಿಗೆ ವ್ಯವಹಾರ ಬೇಡವೆಂದು ನಾವು ಹೇಳುತ್ತಿಲ್ಲ. ವ್ಯವಹಾರದ ಮೇಜಿನಲ್ಲಿ ಈ ಪ್ರಶ್ನೆಯೂ ಇರಲಿ ಎನ್ನುತ್ತಿದ್ದೇವೆ.

ಗಳಿಸಿದ್ದು, ಕಳೆದದ್ದು

ಇಷ್ಟೆಲ್ಲ ಸಾವುನೋವಿನ ನಡುವೆ ಈ ಮಹಿಳೆಯರು ಮಾಡಿದ್ದೇನು ಎಂಬುದನ್ನು ಮರೆತರೆ ಅವರಿಗೆ ಎರಡನೇ ಸಲ ಅನ್ಯಾಯ ಮಾಡಿದಂತೆ. ಅವರು ಫೋಟೋಕ್ಕೆ ಕೂತ ಅಲಂಕಾರದ ಗೊಂಬೆಗಳಾಗಿರಲಿಲ್ಲ. ಹಬೀಬಾ ಸರಾಬಿ ರಾಜ್ಯಪಾಲರಾಗಿದ್ದಾಗಲೇ, 2009ರಲ್ಲಿ, ಬಾಮಿಯಾನಿನ ಬಂದ್-ಎ-ಅಮೀರ್ ಸರೋವರಗಳ ಪ್ರದೇಶ ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಅಜ್ರಾ ಜಾಫರಿ ದಾಯ್‌ಕುಂದಿ ಪ್ರಾಂತ್ಯದ ನೀಲಿ ಎಂಬ ಬಡ ಪಟ್ಟಣದ ಮೇಯರ್ ಆಗಿ ರಸ್ತೆ ಮಾಡಿಸಿದರು. ಹಿಂಸೆ ತಡೆ ಕಾನೂನಿನ ಅಡಿಯಲ್ಲಿ ದೂರು ದಾಖಲಾದವು, ನ್ಯಾಯಾಧೀಶೆಯರು ತೀರ್ಪು ಕೊಟ್ಟರು. ಕೊಲೆಗಾರರು ಇವರನ್ನು ಗುರಿಯಾಗಿಸಿದ್ದು ಇವರು ಕೆಲಸ ಮಾಡುತ್ತಿದ್ದರು ಎಂಬ ಕಾರಣಕ್ಕೆ.

ಕಳೆದದ್ದರ ಅಳತೆಗೂ ಬಂದ್-ಎ-ಅಮೀರ್ ಸಾಕು. 2023ರ ಆಗಸ್ಟ್‌ನಲ್ಲಿ ತಾಲಿಬಾನ್ ಆ ಉದ್ಯಾನಕ್ಕೆ ಮಹಿಳೆಯರ ಪ್ರವೇಶವನ್ನೇ ನಿಷೇಧಿಸಿತು. ಮರುವರ್ಷದ ಆಗಸ್ಟ್‌ನಲ್ಲಿ ಬಂದ ಕಾನೂನು ಹೆಣ್ಣಿನ ದನಿಯೂ ಮನೆಯಾಚೆ ಕೇಳಬಾರದು ಎಂದಿತು. ಒಬ್ಬ ಹೆಣ್ಣು ರಾಜ್ಯಪಾಲೆ ಆಳಿದ ಪ್ರಾಂತ್ಯದ ಆ ಉದ್ಯಾನದಲ್ಲಿ ಹೆಣ್ಣು ಪ್ರವಾಸಿಗೂ ಜಾಗವಿಲ್ಲದಾಯಿತು.

ಇನ್ನು ಮುಂದೆ

ಈ ಸಿಂಹಾವಲೋಕನದಿಂದ ನಾಲ್ಕು ಮಾತು ಹೊರಡುತ್ತವೆ.

ಮೊದಲನೆಯದು, ರಕ್ಷಣೆ ಹುದ್ದೆಯ ಭಾಗವಾಗಬೇಕು. ಸಂಘರ್ಷದ ನೆಲದಲ್ಲಿ ಮಹಿಳೆಯೊಬ್ಬರನ್ನು ನೇಮಿಸಿದ ಅಥವಾ ಅವರು ಆಯ್ಕೆಯಾದ ದಿನದಿಂದಲೇ ವಾಹನ, ಕಾವಲು, ವಸತಿ, ಬೆದರಿಕೆ ಬಂದಾಗ ಕುಟುಂಬವನ್ನು ಬೇರೆಡೆ ಸಾಗಿಸುವ ವ್ಯವಸ್ಥೆ ಸಂಬಳದಷ್ಟೇ ಸಹಜವಾಗಿ ಸಿಗಬೇಕು. ಅರ್ಜಿ ಹಾಕಿ ಕಾಯುವ ಸ್ಥಿತಿ ಸಫಿಯಾ ಅಮಾ ಜಾನ್ ಅವರೊಂದಿಗೆ ಮುಗಿಯಬೇಕಿತ್ತು. ನೆರವು ಕೊಡುವ ದೇಶಗಳು ಎಷ್ಟು ಮಹಿಳೆಯರು ಗೆದ್ದರು ಎಂದು ಎಣಿಸುವಂತೆ ಎಷ್ಟು ಜನ ಅವಧಿ ಮುಗಿಸಿ ಜೀವಂತ ಮನೆ ಸೇರಿದರು ಎಂಬುದನ್ನೂ ಎಣಿಸಲಿ.

ಎರಡನೆಯದು, ಬೆದರಿಕೆಯನ್ನು ಅಪರಾಧವೆಂದು ಬೆದರಿಕೆಯ ಹಂತದಲ್ಲೇ ಹಿಡಿಯಬೇಕು. ಅಪಪ್ರಚಾರ, ರಾತ್ರಿ ಪತ್ರ, ಫೋನ್ ಕರೆ, ಆಮೇಲೆ ಗುಂಡು ಎಂಬ ಕ್ರಮ ಇಷ್ಟು ಸಲ ಮರುಕಳಿಸಿದ ಮೇಲೆ ಮೊದಲ ಮೆಟ್ಟಿಲಲ್ಲಿ ಸುಮ್ಮನಿರುವುದು ಕರ್ತವ್ಯಲೋಪ.

ಮೂರನೆಯದು, ನ್ಯಾಯ. 2025ರ ಜುಲೈ 8ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ತಾಲಿಬಾನ್ ಪರಮೋಚ್ಚ ನಾಯಕ ಹಿಬತುಲ್ಲಾ ಅಖುಂದ್‌ಜಾದಾ ಮತ್ತು ಮುಖ್ಯ ನ್ಯಾಯಾಧೀಶ ಅಬ್ದುಲ್ ಹಕೀಮ್ ಹಕ್ಕಾನಿ ವಿರುದ್ಧ, ಮಹಿಳೆಯರನ್ನು ಲಿಂಗದ ಕಾರಣಕ್ಕೆ ದಮನಿಸಿದ ಆರೋಪದಲ್ಲಿ ಬಂಧನ ವಾರಂಟ್ ಹೊರಡಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಅಫ್ಘಾನಿಸ್ತಾನದ ಅಪರಾಧಗಳ ಸಾಕ್ಷ್ಯ ಸಂಗ್ರಹಿಸಿ ಕಾಪಿಡಲು ಸ್ವತಂತ್ರ ತನಿಖಾ ವ್ಯವಸ್ಥೆ ರೂಪಿಸಲು ಒಪ್ಪಿತು. ಇವು ಮೊದಲ ಹೆಜ್ಜೆಗಳು. ಕಂದಹಾರ, ಲಗ್ಮಾನ್, ಹೆಲ್ಮಂದ್‌ಗಳ ಹಳೆಯ ಕೊಲೆಗಳ ಕಡತಗಳೂ ಆ ಸಾಕ್ಷ್ಯದ ಕೊಠಡಿ ಸೇರಬೇಕು. ಸಾಕ್ಷಿಗಳು ಇನ್ನೂ ಬದುಕಿದ್ದಾರೆ. ಕೊಲೆಯಾದವರ ಮಕ್ಕಳೂ ಬದುಕಿದ್ದಾರೆ.

ನಾಲ್ಕನೆಯದು, ಶಾಂತಿ ಒಪ್ಪಂದದ ಮೇಜು. ಮಹಿಳೆಯರ ಬಗ್ಗೆ ಒಂದು ಸಾಲೂ ಇಲ್ಲದ ದೋಹಾ ಒಪ್ಪಂದದಂಥದ್ದನ್ನು ಇನ್ನು ಯಾವ ರಾಷ್ಟ್ರವೂ ಶಾಂತಿಯ ಹೆಸರಿನಲ್ಲಿ ಒಪ್ಪಬಾರದು. ನಾಳೆ ಬೇರೆ ಯಾವುದೇ ಯುದ್ಧ ನಿಲ್ಲುವ ಹೊತ್ತಿಗೂ ಈ ಮಾತು ಅನ್ವಯಿಸುತ್ತದೆ.

ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಮೀಸಲಿಡುವ 106ನೇ ತಿದ್ದುಪಡಿಯನ್ನು ನಮ್ಮ ಸಂಸತ್ತು 2023ರಲ್ಲಿ ಒಪ್ಪಿದೆ. ನಮ್ಮಲ್ಲೂ ಗಡಿಜಿಲ್ಲೆಗಳಿವೆ, ಬಂದೂಕಿನ ಸದ್ದು ನಿಲ್ಲದ ಕಾಡುಗಳಿವೆ, ಜನಾಂಗ ಕಲಹದಲ್ಲಿ ಬೆಂದ ರಾಜ್ಯಗಳಿವೆ. ಅಲ್ಲಿಂದಲೂ ಮಹಿಳೆಯರು ಆಯ್ಕೆಯಾಗಿ ಬರುತ್ತಾರೆ, ಬರಬೇಕು. ಅವರ ಧೈರ್ಯವನ್ನು ವೇದಿಕೆಯ ಮೇಲೆ ಹೊಗಳುವುದು ಸುಲಭ. ಅವರಿಗೆ ಅಷ್ಟೊಂದು ಧೈರ್ಯ ಬೇಕಾಗದಂತೆ ನೋಡಿಕೊಳ್ಳುವುದು ರಾಜ್ಯದ ಕೆಲಸ, ಆ ಕೆಲಸವನ್ನು ಕೇಳಿ ಪಡೆಯುವುದು ಮತ ಹಾಕಿದ ನಮ್ಮೆಲ್ಲರ ಹೊಣೆ.